ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಲು ಹತ್ತಿರ ಬಂತು, ಲೈಟ್‌ಹೌಸ್ ಹಿಂದೆ ಸರಿಯಿತು

ಈ ಸಲದ ಅಂಕಣ ಪೂರ್ತಿ ಒಂದೇ ಲೈಟ್‌ಹೌಸ್‌ಗೆ ಮೀಸಲು. ಅಮೆರಿಕದ ಉತ್ತರ ಕೆರೊಲಿನಾದಿಂದ ಬಂದಿದ್ದ ಪತ್ರವೊಂದನ್ನು ಹೋದ ಸಂಚಿಕೆಯಲ್ಲಿ ಹಾಕಿ, ಉತ್ತರ ಮುಂದಿನ ಸಲ ಕೊಡುತ್ತೇವೆ ಎಂದಿದ್ದೆವು. ಅಷ್ಟರಲ್ಲಿ ಅದೇ ವಿಷಯದ ಮೇಲೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪ್ರಶ್ನೆಗಳು ಬಂದವು. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವು ಉತ್ತರ ಕೆರೊಲಿನಾದ ಕ್ಯಾರಿಯಲ್ಲಿದ್ದೇವೆ, ಊರು ಉಡುಪಿ ಹತ್ತಿರ. ಅಪ್ಪ ಅಮ್ಮ ಬಂದಿದ್ದಾಗ ಕೇಪ್ ಹ್ಯಾಟೆರಸ್ ಲೈಟ್‌ಹೌಸ್ ತೋರಿಸಲು ಕರೆದುಕೊಂಡು ಹೋಗಿದ್ದೆವು. ಈ ಗೋಪುರ ಮೊದಲು ಇಲ್ಲಿರಲಿಲ್ಲ, ಸಮುದ್ರದ ಪಕ್ಕದಲ್ಲಿತ್ತು, ಅದನ್ನು ಹಾಗೇ ಇಡಿಯಾಗಿ ಸರಿಸಿಕೊಂಡು ಬಂದರು ಅಂತ ಅಲ್ಲಿ ಹೇಳಿದರು. ಅಪ್ಪ ನಂಬಲೇ ಇಲ್ಲ. ಇಷ್ಟು ಎತ್ತರದ ಇಟ್ಟಿಗೆ ಕಟ್ಟಡ ಸರಿಸಿದರೆ ಬಿರುಕು ಬಿಡಲ್ವಾ, ಯಾಕಾದರೂ ಸರಿಸಬೇಕಿತ್ತು ಅಂತ ವಾಪಸ್ ಬರುವ ದಾರಿಯುದ್ದಕ್ಕೂ ಕೇಳುತ್ತಿದ್ದರು. ಅವರಿಗೆ ಓದಿಸುವ ಹಾಗೆ ವಿವರವಾಗಿ ಬರೆಯುತ್ತೀರಾ?

ಉತ್ತರ: ನಿಮ್ಮ ತಂದೆಯವರಿಗೆ ಬಂದ ಅನುಮಾನ ಅಲ್ಲಿನ ಜನರಿಗೂ ಬಂದಿತ್ತು. ಗೋಪುರ ನಡುದಾರಿಯಲ್ಲೇ ಕುಸಿದುಬೀಳುತ್ತದೆ ಅಂತ ವರ್ಷಗಟ್ಟಲೆ ವಾದ ಮಾಡಿದವರಿದ್ದರು. ಆದರೂ 1999ರಲ್ಲಿ ಸರಿಸಿದರು. ಹೇಳಿಕೊಳ್ಳುವಂಥ ಹಾನಿ ಏನೂ ಆಗಲಿಲ್ಲ.

ಮೊದಲು 'ಯಾಕೆ' ಅನ್ನೋದನ್ನು ನೋಡೋಣ. ಹ್ಯಾಟೆರಸ್ ಇರುವುದು ಗಟ್ಟಿ ನೆಲದ ಮೇಲಲ್ಲ. ಔಟರ್ ಬ್ಯಾಂಕ್ಸ್ ಅನ್ನುವ ಉದ್ದನೆಯ ಮರಳು ದ್ವೀಪಗಳ ಸಾಲು ಅದು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಅಗಲವಾದ ಹಿನ್ನೀರು. ಇಂಥ ದ್ವೀಪಗಳು ನಿಂತಲ್ಲಿ ನಿಲ್ಲುವುದಿಲ್ಲ. ಬಿರುಗಾಳಿ ಬಂದಾಗ ಅಲೆಗಳು ಸಮುದ್ರದ ಕಡೆಯ ಮರಳನ್ನು ಎತ್ತಿ ದ್ವೀಪದ ಮೇಲಿಂದ ಹಿನ್ನೀರಿನ ಕಡೆಗೆ ಸುರಿಯುತ್ತವೆ, ಮುಂದಿನ ದಡ ಸವೆಯುತ್ತದೆ, ಹಿಂದಿನ ದಡ ಬೆಳೆಯುತ್ತದೆ, ಹೀಗೆ ಇಡೀ ದ್ವೀಪವೇ ನಿಧಾನವಾಗಿ ಮುಖ್ಯಭೂಮಿಯ ಕಡೆಗೆ ಹೊರಳುತ್ತಾ ಹೋಗುತ್ತದೆ. ಸಾವಿರಾರು ವರ್ಷದಿಂದ ನಡೆಯುತ್ತಿರುವುದು ಇದು. ಈಗ ಸಮುದ್ರದ ಮಟ್ಟವೂ ಏರುತ್ತಿರುವುದರಿಂದ ವೇಗ ಹೆಚ್ಚಿದೆ.

ಈಗಿನ ಗೋಪುರದಲ್ಲಿ ಮೊದಲು ದೀಪ ಹಚ್ಚಿದ್ದು 1870ರ ಡಿಸೆಂಬರ್ 16ರಂದು. ಆಗ ಸಮುದ್ರ ಅದರಿಂದ 1,500 ಅಡಿ ದೂರದಲ್ಲಿತ್ತು. 1919ರ ಹೊತ್ತಿಗೆ ಆ ದೂರ 300 ಅಡಿಗೆ ಇಳಿದಿತ್ತು. 1935ರಲ್ಲಿ ನೂರೇ ಅಡಿ. ಮರುವರ್ಷ ಇನ್ನು ಇದನ್ನು ಉಳಿಸುವುದು ಕಷ್ಟ ಅಂತ ದೀಪವನ್ನು ಒಳಗಡೆ ಕಾಡಿನಲ್ಲಿ ನಿಲ್ಲಿಸಿದ ಕಬ್ಬಿಣದ ಚೌಕಟ್ಟಿನ ಗೋಪುರಕ್ಕೆ ಬದಲಾಯಿಸಿ, ಇಟ್ಟಿಗೆ ಗೋಪುರವನ್ನು ಖಾಲಿ ಬಿಟ್ಟರು. ಆಮೇಲೆ ಮರಳಿನ ದಿಬ್ಬ ಕಟ್ಟಿ, ಹುಲ್ಲು ನೆಟ್ಟು, ದಡ ಸ್ವಲ್ಪ ಚೇತರಿಸಿಕೊಂಡಿತು. 1950ರಲ್ಲಿ ದೀಪ ಮತ್ತೆ ಹಳೆಯ ಗೋಪುರಕ್ಕೇ ವಾಪಸ್ ಬಂತು. ಆದರೆ ಸಮುದ್ರ ಕೊರೆಯುವುದನ್ನು ನಿಲ್ಲಿಸಿರಲಿಲ್ಲ. 1980ರ ಮಾರ್ಚ್‌ನಲ್ಲಿ ಒಂದು ಬಿರುಗಾಳಿ ಬಂತು. ಈ ಗೋಪುರಕ್ಕಿಂತ ಮೊದಲು, 1803ರಲ್ಲಿ, ಅಲ್ಲೇ ಸ್ವಲ್ಪ ದೂರದಲ್ಲಿ ಇನ್ನೊಂದು ಲೈಟ್‌ಹೌಸ್ ಇತ್ತು. ಅದರ ಅಡಿಪಾಯದ ಉಳಿಕೆ ಅಷ್ಟು ವರ್ಷ ಅಲ್ಲೇ ಇತ್ತು. ಆ ಬಿರುಗಾಳಿ ಅದನ್ನು ಕೊಚ್ಚಿಕೊಂಡು ಹೋಯಿತು. ಅಣ್ಣನನ್ನು ತೆಗೆದುಕೊಂಡ ಸಮುದ್ರಕ್ಕೆ ತಮ್ಮ ಎಷ್ಟು ದೂರ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಇನ್ನು 'ಹೇಗೆ'. ಗೋಪುರದ ಎತ್ತರ ಸುಮಾರು 60 ಮೀಟರ್, ತೂಕ ಸುಮಾರು 4,400 ಟನ್, ಇಟ್ಟಿಗೆ ಹನ್ನೆರಡೂವರೆ ಲಕ್ಷ. ಅಮೆರಿಕದ ಇಟ್ಟಿಗೆ ಲೈಟ್‌ಹೌಸ್‌ಗಳಲ್ಲೆಲ್ಲ ಇದೇ ಎತ್ತರದ್ದು. ಇದನ್ನು ಬಿಚ್ಚಿ ಕಟ್ಟಲಿಲ್ಲ, ತುಂಡು ಮಾಡಲಿಲ್ಲ, ನಿಂತ ಹಾಗೇ ಸರಿಸಿದರು. ಮೊದಲು ಬುಡದ ಸುತ್ತ ಅಗೆದು, ಅಡಿಪಾಯದ ಕಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ತೆಗೆಯುತ್ತಾ, ತೆಗೆದ ಜಾಗದಲ್ಲೆಲ್ಲ ಆಗಿಂದಾಗಲೇ ಉಕ್ಕಿನ ಆಧಾರ ಕೊಡುತ್ತಾ ಹೋದರು. ಕೊನೆಗೆ ಇಡೀ ಭಾರ ಉಕ್ಕಿನ ತೊಲೆಗಳ ಮೇಲೆ ಬಂತು. ಆ ತೊಲೆಗಳ ಕೆಳಗೆ ನೂರು ಹೈಡ್ರಾಲಿಕ್ ಜಾಕ್‌ಗಳು. ಅವುಗಳಿಂದ ಗೋಪುರವನ್ನು ಸುಮಾರು ಆರು ಅಡಿ ಮೇಲಕ್ಕೆತ್ತಿದರು.

ಈ ಜಾಕ್‌ಗಳನ್ನು ಜೋಡಿಸಿದ ರೀತಿಯಲ್ಲೇ ಬಿರುಕಿನ ಪ್ರಶ್ನೆಗೆ ಉತ್ತರ ಇದೆ. ನೂರು ಜಾಕ್‌ಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿನ ಎಲ್ಲ ಜಾಕ್‌ಗಳಿಗೂ ಎಣ್ಣೆಯ ಒತ್ತಡ ಒಂದೇ ಇರುವ ಹಾಗೆ ನೋಡಿಕೊಂಡರು. ಹಾಗಾಗಿ ನೆಲ ಎಲ್ಲಾದರೂ ಸ್ವಲ್ಪ ತಗ್ಗಿದರೂ ಒಂದು ಜಾಕ್‌ನ ಮೇಲೇ ಭಾರ ಬೀಳುವುದಿಲ್ಲ, ಗುಂಪಿನ ಎಲ್ಲವೂ ಹಂಚಿಕೊಳ್ಳುತ್ತವೆ. ಮೂರೇ ಗುಂಪು ಯಾಕೆ ಅಂದರೆ, ಮೂರು ಕಾಲಿನ ಪೀಠ ಎಂಥ ನೆಲದಲ್ಲೂ ಅಲುಗಾಡದೆ ಕೂರುತ್ತದೆ, ನಾಲ್ಕು ಕಾಲಿನದು ಕುಂಟುತ್ತದೆ. ಇಟ್ಟಿಗೆಗೆ ಭಾರದಿಂದ ತೊಂದರೆ ಇಲ್ಲ, ತಿರುಚಿದರೆ ಮಾತ್ರ ಕಷ್ಟ. ಆ ತಿರುಚುವಿಕೆಯನ್ನೇ ಇವರು ಹತ್ತಿರ ಬಿಡಲಿಲ್ಲ. ಜೊತೆಗೆ ಗೋಪುರದ ಮೈತುಂಬ ಸೆನ್ಸರ್‌ಗಳಿದ್ದವು. ಎಷ್ಟು ವಾಲಿತು, ಎಷ್ಟು ಅದುರಿತು ಅನ್ನೋದು ಕ್ಷಣಕ್ಷಣಕ್ಕೂ ಗೊತ್ತಾಗುತ್ತಿತ್ತು. ತುದಿಯಲ್ಲಿ ಗಾಳಿ ಅಳೆಯುವ ಉಪಕರಣವನ್ನೂ ಇಟ್ಟಿದ್ದರು.

ಆಮೇಲೆ ಉರುಳೆಗಳ ಮೇಲೆ ಕೂರಿಸಿ, ಉಕ್ಕಿನ ಹಳಿಗಳ ಮೇಲೆ, ಹಿಂದಿನಿಂದ ತಳ್ಳುವ ಜಾಕ್‌ಗಳಿಂದ ಒಂದು ಸಲಕ್ಕೆ ಐದೈದು ಅಡಿ ನೂಕಿದರು. ದಾರಿಯುದ್ದಕ್ಕೂ ಹಳಿ ಹಾಸಿರಲಿಲ್ಲ. ನಮ್ಮ ಕಡೆ ದೋಣಿಯನ್ನು ದಡಕ್ಕೆ ಎಳೆಯುವಾಗ ಹಿಂದೆ ಬಿಟ್ಟ ಮರದ ದಿಮ್ಮಿಯನ್ನೇ ಎತ್ತಿಕೊಂಡು ಬಂದು ಮುಂದೆ ಹಾಕುತ್ತಾರಲ್ಲ, ಅದೇ ಲೆಕ್ಕ. ದಾಟಿ ಬಂದ ಹಳಿಯನ್ನು ತೆಗೆದು ಮುಂದೆ ಜೋಡಿಸುತ್ತಾ ಹೋದರು. ನಿಮ್ಮ ತಂದೆಯವರಿಗೆ ಇದು ಕೇಳಿದ ತಕ್ಷಣ ಕಣ್ಣಿಗೆ ಕಟ್ಟುತ್ತದೆ ಅಂದುಕೊಂಡಿದ್ದೇನೆ.

ಜೂನ್ 17ಕ್ಕೆ ಹೊರಟ ಗೋಪುರ ಜುಲೈ 9ಕ್ಕೆ ಹೊಸ ಜಾಗ ಸೇರಿತು. 23 ದಿನ, 2,900 ಅಡಿ, ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಸರಾಸರಿ ದಿನಕ್ಕೆ 38 ಮೀಟರ್ ಆಯಿತು. ನವೆಂಬರ್ 13ರಂದು ದೀಪ ಮತ್ತೆ ಉರಿಯಿತು. ಎಲ್ಲ ಸೇರಿ ಖರ್ಚು ಸುಮಾರು 1.2 ಕೋಟಿ ಡಾಲರ್. ದುಡ್ಡು ಜಾಸ್ತಿ ಅನ್ನಿಸಬಹುದು. ಆದರೆ ಅದಕ್ಕೆ ಮೊದಲು ಮರಳಿಗೆ, ಚೀಲಕ್ಕೆ, ಕಾಂಕ್ರೀಟಿಗೆ ವರ್ಷ ವರ್ಷ ಸುರಿದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ: ನಾವು ಮಲ್ಪೆಯವರು. ಇಲ್ಲಿ ಕಡಲ್ಕೊರೆತ ಶುರುವಾದರೆ ಲಾರಿಗಟ್ಟಲೆ ಕಲ್ಲು ತಂದು ಹಾಕುತ್ತಾರೆ. ಅಷ್ಟು ದೊಡ್ಡ ದೇಶದವರಿಗೆ ಕಲ್ಲು ಹಾಕಿ, ಗೋಡೆ ಕಟ್ಟಿ ಲೈಟ್‌ಹೌಸ್ ಉಳಿಸಿಕೊಳ್ಳಲು ಆಗಲಿಲ್ಲವೇ?

ಉತ್ತರ: ಅವರು ಮೊದಲು ಮಾಡಿದ್ದೂ ಅದನ್ನೇ. 1969ರ ಸುಮಾರಿಗೆ ಪಕ್ಕದಲ್ಲೇ ನೆಲೆ ಇದ್ದ ನೌಕಾಪಡೆಯವರು ದಡದಿಂದ ಸಮುದ್ರದೊಳಕ್ಕೆ ಚಾಚಿದ ಮೂರು ಕಾಂಕ್ರೀಟ್ ಗೋಡೆಗಳನ್ನು ಕಟ್ಟಿದರು. ದಡದ ಉದ್ದಕ್ಕೂ ಹರಿದು ಹೋಗುವ ಮರಳನ್ನು ಇವು ತಡೆದು ನಿಲ್ಲಿಸಬೇಕು ಅನ್ನೋದು ಉದ್ದೇಶ. ನಿಲ್ಲಿಸಿದವು ಕೂಡ. ಆದರೆ ಇಲ್ಲಿ ನಿಂತ ಮರಳು ಮುಂದಿನ ದಡಕ್ಕೆ ಸೇರಬೇಕಾಗಿದ್ದ ಮರಳು ಅಲ್ವಾ? ಅದು ಬರದೇ ಹೋದಾಗ ಗೋಡೆಯ ದಕ್ಷಿಣಕ್ಕೆ ಕೊರೆತ ಹೆಚ್ಚಾಯಿತು. ಲೈಟ್‌ಹೌಸ್ ಇದ್ದದ್ದು ಆ ದಕ್ಷಿಣದ ತುದಿಯ ಗೋಡೆಯ ಹತ್ತಿರವೇ, ಹಾಗಾಗಿ ಸಮುದ್ರ ಪಕ್ಕದಿಂದ ಸುತ್ತು ಹಾಕಿಕೊಂಡು ಬರತೊಡಗಿತು. ಬೇರೆ ಕಡೆಯಿಂದ ಮರಳು ತಂದು ಸುರಿದರು. ಮರಳು ತುಂಬಿದ ದೊಡ್ಡ ದೊಡ್ಡ ಚೀಲ ಜೋಡಿಸಿದರು. ನೀರಿನಡಿ ಪ್ಲಾಸ್ಟಿಕ್ ಹುಲ್ಲಿನಂಥದ್ದನ್ನು ನೆಟ್ಟು, ಅದರಲ್ಲಿ ಮರಳು ಸಿಕ್ಕಿಕೊಳ್ಳುತ್ತದೆಯೇ ಅಂತಲೂ ನೋಡಿದರು. ಯಾವುದೂ ಹೆಚ್ಚು ದಿನ ನಡೆಯಲಿಲ್ಲ.

ಗೋಪುರದ ಸುತ್ತಲೂ ಗಟ್ಟಿಯಾದ ತಡೆಗೋಡೆ ಕಟ್ಟುವ ಯೋಜನೆಯೂ ಇತ್ತು, ಇನ್ನೇನು ಅದೇ ಆಗುತ್ತದೆ ಅನ್ನುವ ಮಟ್ಟಕ್ಕೆ ಬಂದಿತ್ತು. ಆದರೆ ಸುತ್ತಲಿನ ದಡ ಹಿಂದೆ ಹೋಗುತ್ತಲೇ ಇರುತ್ತದೆ, ಗೋಡೆ ಮಾತ್ರ ಅಲ್ಲೇ ಇರುತ್ತದೆ. ಕೆಲವು ದಶಕಗಳಲ್ಲಿ ಲೈಟ್‌ಹೌಸ್ ಸಮುದ್ರದ ಮಧ್ಯದ ದ್ವೀಪವಾಗುತ್ತದೆ. ಅಲ್ಲಿಗೆ ಹೋಗುವುದು ಹೇಗೆ, ರಿಪೇರಿ ಮಾಡುವುದು ಹೇಗೆ? 1988ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಎಲ್ಲ ದಾರಿಗಳನ್ನೂ ತೂಗಿ ನೋಡಿ, ಹಿಂದಕ್ಕೆ ಸರಿಸುವುದೇ ಸರಿ ಎಂದು ಹೇಳಿತು. ಅದಾದ ಮೇಲೂ ಹತ್ತು ವರ್ಷ ಚರ್ಚೆ ನಡೆಯಿತು. 1990ರ ದಶಕದ ಕೊನೆಯಲ್ಲಿ ಉತ್ತರ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ತಜ್ಞರು ಅದನ್ನೇ ಮತ್ತೊಮ್ಮೆ ಪರಿಶೀಲಿಸಿ, ಹೌದು, ಬೇಗ ಮಾಡಿ, ತಡ ಮಾಡಿದರೆ ಕೈ ಮೀರುತ್ತದೆ ಎಂದರು. ಸ್ಥಳೀಯರಲ್ಲಿ ತುಂಬಾ ಜನ, ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆಡಳಿತವೂ ಸೇರಿ, ಕೊನೆಯವರೆಗೂ ವಿರೋಧಿಸಿದರು. ಇನ್ನೊಂದು ಗೋಡೆ ಕಟ್ಟಿದರೆ ಸಾಕು ಅನ್ನುವುದು ಅವರ ವಾದ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಲೈಟ್‌ಹೌಸ್ ಹಿಂದೆ ಸರಿದರೆ, ಕಡಲನ್ನು ತಡೆಯುವುದನ್ನು ಸರ್ಕಾರವೇ ಕೈಬಿಟ್ಟಿದೆ ಎಂದಾಗುತ್ತದೆ. ಹಾಗಾದರೆ ತಮ್ಮ ಮನೆಗಳ ಗತಿ ಏನು ಅನ್ನೋ ಭಯ ಸುಳ್ಳಲ್ಲ. ಅದೇ ದ್ವೀಪದ ರೊಡಾಂತೆ, ಬಕ್ಸ್‌ಟನ್ ಊರುಗಳಲ್ಲಿ ಈಚಿನ ವರ್ಷಗಳಲ್ಲಿ ದಡದ ಮನೆಗಳು ಒಂದರ ಹಿಂದೊಂದು ಸಮುದ್ರಕ್ಕೆ ಬಿದ್ದಿವೆ.

ಕಲ್ಲು ಹಾಕುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಮನೆ ಮುಂದಿನ ತೆಂಗಿನ ಮರ ಬುಡ ಸಮೇತ ಕಡಲಿಗೆ ಹೋಗುವಾಗ ಯಾರೂ ಸುಮ್ನೆ ಕೂರಲು ಆಗಲ್ಲ. ಆದರೆ ಒಂದು ಕಡೆ ಹಾಕಿದ ಕಲ್ಲು ಪಕ್ಕದ ಊರಿಗೆ ಏನು ಮಾಡುತ್ತದೆ ಅನ್ನೋ ಪ್ರಶ್ನೆ ನಮ್ಮ ಉಳ್ಳಾಲದಿಂದ ಮರವಂತೆವರೆಗೆ ಎಲ್ಲ ಕಡೆಗೂ ಇದೆ. ಉಳ್ಳಾಲದಲ್ಲಿ ಅದಕ್ಕೇ ದಡಕ್ಕೆ ಕಲ್ಲು ಸುರಿಯುವುದರ ಬದಲು ಸಮುದ್ರದೊಳಗೇ ಅಲೆಯ ಜೋರು ತಗ್ಗಿಸುವ ದಿಬ್ಬಗಳನ್ನು ಮಾಡಲು ಹೋದದ್ದು.

ನಿಮ್ಮ ದಕ್ಷಿಣಕ್ಕಿರುವ ಕಾಪು ಲೈಟ್‌ಹೌಸ್‌ಗೂ ಹೀಗೇ ಆಗುತ್ತದಾ ಅಂತ ಇನ್ನೊಬ್ಬರು ಕೇಳಿದ್ದಾರೆ. 1901ರ ಆ ಗೋಪುರ ನಿಂತಿರುವುದು ಬಂಡೆಯ ಮೇಲೆ. ಬಂಡೆಯನ್ನು ಅಲೆ ಹೊತ್ತುಕೊಂಡು ಹೋಗುವುದಿಲ್ಲ. ಅದಕ್ಕೆ ಉಪ್ಪುಗಾಳಿಯದೇ ಕಾಟ ಜಾಸ್ತಿ.

ಪ್ರಶ್ನೆ: ಮೈಸೂರಿನಲ್ಲಿರುವ ನಿವೃತ್ತ ಇಂಜಿನಿಯರ್ ನಾನು. ಬರೀ ಮರಳು ಅನ್ನುತ್ತೀರಿ. ಮರಳಿನ ಮೇಲೆ ಅಷ್ಟು ಭಾರದ ಗೋಪುರ 129 ವರ್ಷ ನಿಂತದ್ದು ಹೇಗೆ? ಅಡಿಪಾಯ ಎಂಥದ್ದು?

ಉತ್ತರ: ಸರ್, ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಖುಷಿ ಕೊಟ್ಟ ಪ್ರಶ್ನೆ ಇದು. ಅಡಿಪಾಯ ಮರದ್ದು. ಕಟ್ಟುವಾಗ ಡೆಕ್ಸ್‌ಟರ್ ಸ್ಟೆಟ್ಸನ್ ಅನ್ನುವವರು ಮೇಲ್ವಿಚಾರಕರಾಗಿದ್ದರು. ಅವರು ಮೊದಲು ಯೋಚಿಸಿದ್ದು ಮರದ ಕಂಬಗಳನ್ನು ಆಳಕ್ಕೆ ಹೊಡೆದು ಅದರ ಮೇಲೆ ಕಟ್ಟುವುದು. ಆದರೆ ಗಟ್ಟಿ ಮರಳಿನ ಪದರ ಅಡ್ಡ ಬಂದು ಕಂಬಗಳು ಕೆಳಗೆ ಇಳಿಯಲೇ ಇಲ್ಲ. ಆಗ ಅವರು ಗುಂಡಿ ತೋಡಿ, ನೀರು ಸಿಗುವ ಮಟ್ಟಕ್ಕಿಂತ ಕೆಳಗೆ ಹಳದಿ ಪೈನ್ ಮರದ ದಪ್ಪ ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಸಿ ಚಾಪೆಯಂತೆ ಮಾಡಿದರು. ಅದರ ಮೇಲೆ ಗ್ರಾನೈಟ್ ಕಲ್ಲು, ಅದರ ಮೇಲೆ ಇಟ್ಟಿಗೆ.

ಮರ ಕೊಳೆಯಲಿಲ್ಲವೇ ಅಂದರೆ, ಅದು ಸದಾ ಸಿಹಿನೀರಿನಲ್ಲಿ ಮುಳುಗಿತ್ತು. ಮರ ಕೊಳೆಯಲು ಗಾಳಿ ಬೇಕು. ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸಿಗುವುದಿಲ್ಲ, ಕೊಳೆಸುವ ಶಿಲೀಂಧ್ರ ಅಲ್ಲಿ ಬೆಳೆಯುವುದಿಲ್ಲ. ಕಡಲ ಪಕ್ಕದ ಮರಳುದ್ವೀಪದಲ್ಲೂ ಮಳೆಯ ನೀರು ಇಂಗಿ ಒಳಗಡೆ ಸಿಹಿನೀರಿನ ಪದರ ಇರುತ್ತದೆ. ಕರಾವಳಿಯವರಿಗೆ ಇದು ಗೊತ್ತೇ ಇದೆ, ಕಡಲ ಬದಿಯ ಬಾವಿಯಲ್ಲೂ ಕುಡಿಯುವ ನೀರು ಸಿಗುತ್ತದೆ. ಅಪಾಯ ಇದ್ದದ್ದು ಇಲ್ಲೇ. ಸಮುದ್ರ ಹತ್ತಿರ ಬಂದು ಸಿಹಿನೀರಿನ ಜಾಗಕ್ಕೆ ಉಪ್ಪುನೀರು ನುಗ್ಗಿದರೆ ಮರ ಕೊರೆಯುವ ಕಡಲ ಹುಳುಗಳು ಬರಬಹುದು. ಅಲೆ ಮರಳನ್ನು ಕೆರೆದು ಹಾಕಿದರೆ ತೊಲೆಗಳಿಗೆ ಗಾಳಿ ತಾಗಬಹುದು. ನೇರವಾಗಿ ಅಲೆ ಬಂದು ಬಡಿಯುವ ಅಗತ್ಯವೇ ಇರಲಿಲ್ಲ, ಕೆಳಗಿನ ಮರಳು ಒಂದು ಕಡೆ ಜಾರಿದ್ದರೂ ಸಾಕಿತ್ತು. ಗೋಪುರ ನೋಡಲು ಗಟ್ಟಿಮುಟ್ಟಾಗಿದ್ದರೂ ತಜ್ಞರು ಅವಸರ ಮಾಡಿದ್ದು ಇದಕ್ಕೇ.

ಹೊಸ ಜಾಗದಲ್ಲಿ ಕೆಳಗೆ ಕಾಂಕ್ರೀಟಿನ ದಪ್ಪ ಹಾಸು ಇದೆ. ಪೈನ್ ತೊಲೆಗಳ ಚಾಪೆ ಹಳೆಯ ಜಾಗದಲ್ಲೇ ಉಳಿಯಿತು.

ಪ್ರಶ್ನೆ: ಧಾರವಾಡದಿಂದ. ಇತಿಹಾಸದ ಮೇಷ್ಟ್ರಾಗಿದ್ದವನು, ಅದಕ್ಕೇ ಕೇಳುತ್ತಿದ್ದೇನೆ. ಸ್ಮಾರಕ ಅಂದರೆ ಕಟ್ಟಡ ಮಾತ್ರ ಅಲ್ಲ, ಅದು ನಿಂತ ಜಾಗವೂ ಹೌದು. ಜಾಗ ಬಿಟ್ಟು ಬಂದ ಮೇಲೆ ಅದನ್ನು ಉಳಿಸಿದರು ಅನ್ನುವುದಕ್ಕಿಂತ ಪ್ರದರ್ಶನಕ್ಕೆ ಇಟ್ಟರು ಅನ್ನುವುದು ಸರಿಯಲ್ಲವೇ?

ಉತ್ತರ: ಮೇಷ್ಟ್ರೇ, ಒಂದು ದೇವಸ್ಥಾನದ ವಿಷಯದಲ್ಲಿ, ಒಂದು ಕೋಟೆಯ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹ್ಯಾಟೆರಸ್ ವಿಷಯದಲ್ಲಿ ಒಪ್ಪಲಾರೆ.

ಆ ಲೈಟ್‌ಹೌಸ್ ಯಾಕೆ ಬಂತು ಅನ್ನೋದನ್ನು ನೋಡಿ. ಅಲ್ಲಿ ಉತ್ತರದಿಂದ ಬರುವ ಲ್ಯಾಬ್ರಡಾರ್ ಕಡೆಯ ತಣ್ಣನೆ ನೀರು, ದಕ್ಷಿಣದಿಂದ ಬರುವ ಗಲ್ಫ್ ಸ್ಟ್ರೀಮ್‌ನ ಬಿಸಿ ನೀರು ಎರಡೂ ಹತ್ತಿರ ಹತ್ತಿರ ಬಂದು ಸೇರುತ್ತವೆ. ದಡದಿಂದ ಮೈಲಿಗಟ್ಟಲೆ ದೂರದವರೆಗೆ ಡೈಮಂಡ್ ಶೋಲ್ಸ್ ಅನ್ನುವ ಮರಳು ದಿಬ್ಬಗಳು ನೀರಿನಡಿ ಹಬ್ಬಿವೆ, ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಹಾಯಿಹಡಗಿನವರು ಈ ಸಮುದ್ರ ಪ್ರವಾಹಗಳ ಲಾಭ ಪಡೆಯಬೇಕಾದರೆ ಈ ದಿಬ್ಬಗಳ ಅಂಚಿನಲ್ಲೇ ಹೋಗಬೇಕಿತ್ತು. ನೂರಾರು ಹಡಗುಗಳು ಅಲ್ಲಿ ಮುಳುಗಿವೆ. ಆ ಭಾಗಕ್ಕೆ ಅಟ್ಲಾಂಟಿಕ್‌ನ ಸ್ಮಶಾನ ಅನ್ನುವ ಹೆಸರೇ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಮಾನಿಟರ್ ಅನ್ನುವ ಕಬ್ಬಿಣದ ಯುದ್ಧನೌಕೆ 1862ರ ಡಿಸೆಂಬರ್ 31ರ ನಸುಕಿನಲ್ಲಿ ಮುಳುಗಿದ್ದೂ ಇದೇ ಹ್ಯಾಟೆರಸ್ ಹೊರಗೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮೆರೀನ್‌ಗಳು ಈ ನೀರಿನಲ್ಲಿ ಸಾಲು ಸಾಲು ಹಡಗು ಮುಳುಗಿಸಿದವು, ಆಗ ಖಾಲಿ ಬಿದ್ದಿದ್ದ ಈ ಗೋಪುರವನ್ನೇ ಕೋಸ್ಟ್ ಗಾರ್ಡ್‌ನವರು ಕಾವಲಿಗೆ ಬಳಸಿಕೊಂಡರು.

1803ರ ಮೊದಲ ಲೈಟ್‌ಹೌಸ್ 90 ಅಡಿಯದು. ಅದರ ಬೆಳಕು ದಿಬ್ಬಗಳ ಆಚೆಗೆ ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ. ಪ್ರಪಂಚದಲ್ಲೇ ಕೆಟ್ಟ ದೀಪ ಅಂತ 1851ರಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರು ವರದಿಯಲ್ಲೇ ಬರೆದರು. ಆಮೇಲೆ ಅದನ್ನು 150 ಅಡಿಗೆ ಎತ್ತರಿಸಿದರು. ಕೊನೆಗೆ ಅದನ್ನೂ ಬಿಟ್ಟು ಈಗಿನ ಗೋಪುರ ಕಟ್ಟಿದರು. ಹಗಲು ಹೊತ್ತು ದೂರದಿಂದಲೇ ಗುರುತು ಸಿಗಲಿ ಅಂತ 1873ರಲ್ಲಿ ಮೈಮೇಲೆ ಕಪ್ಪು ಬಿಳಿ ಪಟ್ಟೆಗಳನ್ನು ಸುರುಳಿಯಾಗಿ ಬಳಿದರು.

ಅಂದರೆ ಈ ದೀಪ ಮೊದಲಿನಿಂದಲೂ ಜಾಗಕ್ಕೆ ಅಂಟಿಕೊಂಡದ್ದಲ್ಲ. ಅದಕ್ಕೆ ಬೇಕಾದದ್ದು ಎತ್ತರ, ಮತ್ತೆ ಸಮುದ್ರದಿಂದ ಇಷ್ಟು ದೂರ ಅನ್ನುವ ಅಂತರ. 1870ರಲ್ಲಿ ಆ ಅಂತರ 1,500 ಅಡಿ ಇತ್ತು ಅಂದೆನಲ್ಲ. ಸರಿಸಿದ ಮೇಲೆ ಆದದ್ದು 1,600 ಅಡಿ. ಕಟ್ಟಿದವರು ಕಂಡ ಗೋಪುರ ಹೇಗಿತ್ತೋ ಹಾಗೇ ಕಾಣುವುದು ಈಗಲೇ. 1998ರಲ್ಲಿ ಮರಳಿನ ಚೀಲಗಳ ನಡುವೆ ಅಲೆಯ ಬಾಯಲ್ಲಿ ನಿಂತಿತ್ತಲ್ಲ, ಆ ನೋಟ ಅದನ್ನು ಕಟ್ಟಿದವರಿಗೆ ಗುರುತೇ ಸಿಗುತ್ತಿರಲಿಲ್ಲ. ದ್ವೀಪವೇ ಹಿಂದೆ ಸರಿದಿದೆ. ದ್ವೀಪದ ಜೊತೆಗೆ ಗೋಪುರವೂ ಸರಿದಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಅವರು ಗೋಪುರವನ್ನು ಮಾತ್ರ ತರಲಿಲ್ಲ. ದೀಪ ನೋಡಿಕೊಳ್ಳುತ್ತಿದ್ದವರ ಮನೆಗಳಿದ್ದವು. 1854ರಲ್ಲಿ ಕಟ್ಟಿದ ಸಹಾಯಕರ ಜೋಡಿಮನೆ, 1871ರ ಮುಖ್ಯ ಕೀಪರ್ ಮನೆ, ಎಣ್ಣೆ ಇಡುತ್ತಿದ್ದ ಕೋಣೆ, ಮಳೆನೀರು ಹಿಡಿಯುವ ತೊಟ್ಟಿಗಳು, ನಡೆಯುವ ಹಾದಿ ಕೂಡ. ಎಲ್ಲವನ್ನೂ ತಂದು, ಮೊದಲು ಒಂದಕ್ಕೊಂದು ಎಷ್ಟು ದೂರ ಇದ್ದವೋ ಅಷ್ಟೇ ದೂರದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿದ್ದವೋ ಅದೇ ದಿಕ್ಕಿಗೆ ಇಟ್ಟರು. ಕೀಪರ್ ಮನೆಯ ಜಗಲಿಯಿಂದ ಗೋಪುರ ಹೇಗೆ ಕಾಣುತ್ತಿತ್ತೋ ಈಗಲೂ ಹಾಗೇ ಕಾಣುತ್ತದೆ. ಪ್ರದರ್ಶನಕ್ಕೆ ಇಡುವವರು ಎಣ್ಣೆ ಕೋಣೆಗೂ ನೀರಿನ ತೊಟ್ಟಿಗೂ ಇಷ್ಟು ಕಷ್ಟಪಡುವುದಿಲ್ಲ.

ಹಳೆಯ ಜಾಗವನ್ನೂ ಅವರು ಮರೆಯಲಿಲ್ಲ. ಅಡಿಪಾಯದಿಂದ ತೆಗೆದ ಗ್ರಾನೈಟ್ ಕಲ್ಲುಗಳಲ್ಲಿ 36ನ್ನು ಗೋಪುರ ಇದ್ದ ಜಾಗದಲ್ಲೇ ವೃತ್ತವಾಗಿ ಜೋಡಿಸಿ, ಅಲ್ಲಿ ಕೆಲಸ ಮಾಡಿದ 83 ಕೀಪರ್‌ಗಳ ಹೆಸರನ್ನು ಅವುಗಳ ಮೇಲೆ ಕೆತ್ತಿದರು. ಆ ಕೀಪರ್‌ಗಳ ಮೊಮ್ಮಕ್ಕಳು ಮರಿಮಕ್ಕಳು ಇವತ್ತಿಗೂ ಆ ದ್ವೀಪದಲ್ಲಿದ್ದಾರೆ. ತಮ್ಮ ಅಜ್ಜನ ಹೆಸರಿನ ಮೇಲೆ ಕೈಯಾಡಿಸಲು ಅವರು ಬರುತ್ತಿದ್ದರು. ಆಮೇಲೆ ಬಿರುಗಾಳಿಗಳು ಆ ಕಲ್ಲುಗಳನ್ನೂ ಮರಳಲ್ಲಿ ಹೂಳತೊಡಗಿದವು. 2015ರಲ್ಲಿ ಅವನ್ನೂ ಎತ್ತಿ ತಂದು ಹೊಸ ಜಾಗದ ಹತ್ತಿರ ಕೂರಲು ಅನುಕೂಲವಾಗುವ ಹಾಗೆ ಜೋಡಿಸಿದ್ದಾರೆ. ಗೋಪುರ ಬಂದು 16 ವರ್ಷಕ್ಕೆ ಹೆಸರುಗಳೂ ಬಂದವು.

ಜಾಗಕ್ಕೆ ಅರ್ಥವಿಲ್ಲ ಅಂತ ನಾನು ಹೇಳುತ್ತಿಲ್ಲ, ಮೇಷ್ಟ್ರೇ. ಆ ಜಾಗ ಇವತ್ತು ಅಲೆ ಬಂದು ಹೋಗುವ ಮರಳು. ಕಟ್ಟಡವನ್ನು ಅಲ್ಲೇ ಬಿಟ್ಟಿದ್ದರೆ ಎರಡೂ ಉಳಿಯುತ್ತಿರಲಿಲ್ಲ.

ಪ್ರಶ್ನೆ: ನಾನು ಕಾರವಾರದಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಿದ್ದೇನೆ. ಕರೆಂಟ್ ಇಲ್ಲದ ಕಾಲದಲ್ಲಿ ಬರೀ ಎಣ್ಣೆ ದೀಪ ಅಷ್ಟು ದೂರ ಹೇಗೆ ಕಾಣುತ್ತಿತ್ತು? ಆ ದೀಪ ಈಗ ಎಲ್ಲಿದೆ?

ಉತ್ತರ: ದೀಪದಲ್ಲಿ ವಿಶೇಷ ಇರಲಿಲ್ಲ, ಅದರ ಸುತ್ತ ಇದ್ದ ಗಾಜಿನಲ್ಲಿ ಇತ್ತು. ಸಾಮಾನ್ಯ ದೀಪದ ಬೆಳಕು ಎಲ್ಲ ಕಡೆಗೂ ಚೆಲ್ಲಿ ಹೋಗುತ್ತದೆ. ಆಕಾಶಕ್ಕೂ ನೆಲಕ್ಕೂ ಹೋದ ಬೆಳಕು ಹಡಗಿನವರಿಗೆ ದಂಡ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಅನ್ನುವ ಇಂಜಿನಿಯರ್ 1820ರ ದಶಕದ ಆರಂಭದಲ್ಲಿ ಒಂದು ದಾರಿ ಕಂಡುಹಿಡಿದರು. ಒಂದೇ ದಪ್ಪ ಮಸೂರದ ಬದಲು, ತ್ರಿಕೋನದ ಗಾಜಿನ ಪಟ್ಟಿಗಳನ್ನು ಉಂಗುರ ಉಂಗುರವಾಗಿ ಮೇಲೆ ಕೆಳಗೆ ಜೋಡಿಸಿದರೆ, ಎಲ್ಲ ಕಡೆ ಚೆದುರುವ ಬೆಳಕನ್ನು ಅವು ಬಗ್ಗಿಸಿ ಒಂದೇ ನೇರಕ್ಕೆ, ಸಮುದ್ರದ ಕಡೆಗೆ ಕಳಿಸುತ್ತವೆ. ನಿನ್ನ ಸೈನ್ಸ್ ಪುಸ್ತಕದ ವಕ್ರೀಭವನದ ಪಾಠ ತೆಗೆದು ನೋಡು, ಅದೇ. ಹ್ಯಾಟೆರಸ್‌ನಲ್ಲಿ ಇದ್ದದ್ದು ಈ ಬಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ದರ್ಜೆಯದು. ಎತ್ತರ ಒಬ್ಬ ಮನುಷ್ಯನ ಎರಡರಷ್ಟು, ಒಳಗೆ ಜನ ನಿಲ್ಲಬಹುದಿತ್ತು. ಗಡಿಯಾರದ ಹಾಗೆ ತೂಕದ ಗುಂಡು ಕೆಳಗಿಳಿಯುತ್ತಾ ಇಡೀ ಗಾಜಿನ ಗೂಡನ್ನು ತಿರುಗಿಸುತ್ತಿತ್ತು. ದೂರದಲ್ಲಿರುವವರಿಗೆ ಅದು ಮಿಂಚಿ ಮಿಂಚಿ ಕಾಣುತ್ತಿತ್ತು. ಕೀಪರ್ ಆ ಗುಂಡನ್ನು ಮತ್ತೆ ಮೇಲಕ್ಕೆ ಸುತ್ತಬೇಕು, ಎಣ್ಣೆ ಹೊತ್ತು ಮೆಟ್ಟಿಲು ಹತ್ತಬೇಕು, ಬೆಳಿಗ್ಗೆ ಎದ್ದು ಗಾಜಿನ ಮಸಿ ಒರೆಸಬೇಕು. ಕರೆಂಟ್ ಬಂದದ್ದು 1934ರಲ್ಲಿ.

ಆ ಗಾಜಿನ ಕತೆ ಬೇಸರದ್ದು. 1936ರಲ್ಲಿ ಗೋಪುರ ಖಾಲಿ ಬಿಟ್ಟಾಗ ಅದು ಮೇಲೇ ಇತ್ತು. ಕಾವಲಿಲ್ಲದ್ದರಿಂದ ಬಂದವರು ಹೋದವರು ನೆನಪಿಗೆ ಅಂತ ಒಂದೊಂದೇ ತುಂಡು ಕಿತ್ತುಕೊಂಡು ಹೋದರು. 1999ರಲ್ಲಿ ಅಷ್ಟು ಜತನವಾಗಿ ಸರಿಸಿದ ಗೋಪುರದ ಬೆಳಕಿನ ಗೂಡನ್ನು ಯಾವ ಬಿರುಗಾಳಿಯೂ ಹಾಳು ಮಾಡಿರಲಿಲ್ಲ, ಜನ ಮಾಡಿದ್ದರು. ಉಳಿದದ್ದು ಅದೇ ದ್ವೀಪದ ಹ್ಯಾಟೆರಸ್ ಊರಿನ ಮ್ಯೂಸಿಯಂನಲ್ಲಿದೆ. ಚೌಕಟ್ಟಿನಲ್ಲಿ ಗಾಜಿಲ್ಲದ ಖಾಲಿ ಜಾಗಗಳು ಎದ್ದು ಕಾಣುತ್ತವೆ. ನಿಮ್ಮ ಊರಿನ ಎದುರು ದೇವಗಡ ದ್ವೀಪದಲ್ಲೂ ಹಳೆಯ ಲೈಟ್‌ಹೌಸ್ ಇದೆ. ಕತ್ತಲಾದ ಮೇಲೆ ಬೀಚಿಗೆ ಹೋಗಿ, ಒಂದು ಮಿಂಚಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ ನೋಡು. ಪ್ರತಿ ಲೈಟ್‌ಹೌಸ್‌ಗೂ ಅದರದೇ ಲೆಕ್ಕ ಇರುತ್ತದೆ. ಹಡಗಿನವರು ಆ ಲೆಕ್ಕದಿಂದಲೇ ಇದು ಯಾವ ಊರು ಅಂತ ತಿಳಿಯುತ್ತಾರೆ. ಹ್ಯಾಟೆರಸ್‌ನದು ಏಳೂವರೆ ಸೆಕೆಂಡಿಗೊಮ್ಮೆ.

ಪ್ರಶ್ನೆ: ಶಿವಮೊಗ್ಗದಿಂದ. ಮಗಳು ಅಮೆರಿಕದಲ್ಲಿದ್ದಾಳೆ, ಮುಂದಿನ ವರ್ಷ ಹೋಗುವವರಿದ್ದೇವೆ. ಹ್ಯಾಟೆರಸ್ ಗೋಪುರದ ಮೇಲೆ ಹತ್ತಲು ಬಿಡುತ್ತಾರೆಯೇ? ವಯಸ್ಸಾದವರಿಗೆ ಆಗುತ್ತದೆಯೇ? ಜಿಪಿಎಸ್ ಬಂದ ಮೇಲೂ ಇದಕ್ಕೆಲ್ಲ ಖರ್ಚು ಮಾಡುವುದು ಯಾಕೆ ಅಂತ ನಮ್ಮ ಯಜಮಾನರ ಪ್ರಶ್ನೆ.

ಉತ್ತರ: ಯಜಮಾನರ ಪ್ರಶ್ನೆಗೆ ಮೊದಲು ಉತ್ತರ. ದೀಪ ಇನ್ನೂ ಸಮುದ್ರದವರ ಬಳಕೆಗೇ ಇದೆ, ಅದನ್ನು ನೋಡಿಕೊಳ್ಳುವುದು ಕೋಸ್ಟ್ ಗಾರ್ಡ್. ಕಟ್ಟಡ ಮಾತ್ರ ರಾಷ್ಟ್ರೀಯ ಉದ್ಯಾನ ಇಲಾಖೆಯದು. ಸಣ್ಣ ದೋಣಿಯವರಿಗೆ, ಉಪಕರಣ ಕೈಕೊಟ್ಟವರಿಗೆ ಕಣ್ಣಿಗೆ ಕಾಣುವ ಒಂದು ಗುರುತು ಬೇಕೇ ಬೇಕು. ನಮ್ಮ ಮೀನುಗಾರರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಹತ್ತುವ ವಿಷಯ. ಈಗ ದೊಡ್ಡ ದುರಸ್ತಿ ನಡೆದಿದೆ, ಸುಮಾರು 1.9 ಕೋಟಿ ಡಾಲರ್‌ನ ಕೆಲಸ. ಅಂದರೆ ಡಾಲರ್ ಲೆಕ್ಕದಲ್ಲಿ ಸರಿಸಿದ್ದಕ್ಕಿಂತ ಜಾಸ್ತಿ. ಹಳೇ ಬಣ್ಣ ಪೂರ್ತಿ ಕೆರೆದು ತೆಗೆಯುವುದು, ತುಕ್ಕು ಹಿಡಿದ ಕಬ್ಬಿಣದ ಭಾಗ ಬದಲಾಯಿಸುವುದು, ಕಲ್ಲು ಇಟ್ಟಿಗೆ ಸರಿಪಡಿಸುವುದು ಎಲ್ಲ ಇದೆ. ಕಳುವಾದ ಗಾಜಿನ ಗೂಡಿನ ಪಡಿಯಚ್ಚು ಮಾಡಿಸಿ ತುದಿಯಲ್ಲಿ ಕೂರಿಸುವುದೂ ಈ ಯೋಜನೆಯಲ್ಲೇ ಇದೆ. ಕಾರವಾರದ ಹುಡುಗನಿಗೆ ಈ ಸುದ್ದಿ ಇಷ್ಟವಾಗಬಹುದು. ಈ ಕೆಲಸಕ್ಕಾಗಿ ಹತ್ತುವುದನ್ನು ನಿಲ್ಲಿಸಿದ್ದಾರೆ. ಹೊರಡುವ ಮೊದಲು ಮಗಳಿಗೆ ಉದ್ಯಾನ ಇಲಾಖೆಯ ವೆಬ್‌ಸೈಟ್ ನೋಡಲು ಹೇಳಿ, ಮತ್ತೆ ತೆರೆದಾಗ ಅಲ್ಲಿ ಹಾಕುತ್ತಾರೆ. ತೆರೆದಿದ್ದರೂ 257 ಮೆಟ್ಟಿಲು, 12 ಮಹಡಿ ಹತ್ತಿದ ಹಾಗೆ, ಒಳಗೆ ಏಸಿ ಇಲ್ಲ, ಬೇಸಿಗೆಯಲ್ಲಿ ಒಳಗೆ ಸೆಕೆ ವಿಪರೀತ. ಮಂಡಿ ನೋವಿದ್ದರೆ ಬೇಡ. ಕೆಳಗೆ ಕೀಪರ್ ಮನೆ ನೋಡಿ, ಹೆಸರು ಕೆತ್ತಿದ ಕಲ್ಲುಗಳ ಮೇಲೆ ಕೂತುಕೊಳ್ಳಿ, ಆಮೇಲೆ ಹಳೆಯ ಜಾಗದವರೆಗೆ ನಡೆದುಹೋಗಿ. ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ. ಬಿಸಿಲು ಏರುವ ಮುಂಚೆ ಹೊರಡಿ, ಕೈಯಲ್ಲಿ ನೀರಿನ ಬಾಟಲಿ ಇರಲಿ.